ಎರಡು ಪೀಕ್ ಬಂದರೆ ಮಾದರಿ ಅಶುದ್ಧವೆಂದಲ್ಲ: ಮಾಸ್ ಸ್ಪೆಕ್ಟ್ರಮ್‌ನಲ್ಲಿ ಹ್ಯಾಲೊಜನ್ ಗುರುತಿಸುವ ಬಗೆ

"ಸರ್, ಒಂದs ಕಂಪೌಂಡ್ ಹಾಕೀನ್ರಿ, ಎರಡು ಪೀಕ್ ಬಂದಾವ. ಪ್ಯೂರ್ ಆಗಿಲ್ಲೇನ್ರಿ?" ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಎಂ.ಎಸ್‌ಸಿ. ವಿದ್ಯಾರ್ಥಿಗಳು ಪ್ರಾಜೆಕ್ಟ್ ಮುಗಿಸುವ ಹೊತ್ತಿಗೆ ತಪ್ಪದೆ ಕೇಳುವ ಪ್ರಶ್ನೆ ಇದು. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಕೀಟನಾಶಕದ ಶೇಷ ಪರೀಕ್ಷಿಸುವ ಕೆಲಸಕ್ಕೆ ಹೊಸದಾಗಿ ಸೇರಿದವರೂ ಬೇರೆ ಮಾತಿನಲ್ಲಿ ಇದನ್ನೇ ಕೇಳುತ್ತಾರೆ. ಬಹಳ ಸಲ ಆ ಎರಡು ಪೀಕ್‌ಗಳು ಅಶುದ್ಧತೆಯ ಗುರುತಾಗಿರದೆ, ಅಣುವಿನಲ್ಲಿ ಕ್ಲೋರಿನ್ ಅಥವಾ ಬ್ರೋಮಿನ್ ಎಂಬ ಹ್ಯಾಲೊಜನ್ ಇದೆ ಎಂಬುದಕ್ಕೆ ಸಾಕ್ಷಿಯಾಗಿರುತ್ತವೆ. ಆ ಸಾಕ್ಷಿಯನ್ನು ಓದುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಮೊದಲು ಕೆಲವು ಪದಗಳ ಅರ್ಥವನ್ನು ನೋಡೋಣ. ನಮ್ಮ ಕಡೆ ಪೀಕು ಎಂದರೆ ಹೊಲದ ಬೆಳೆ. ಇಲ್ಲಿ ಪೀಕ್ ಎಂದರೆ ಮಾಸ್ ಸ್ಪೆಕ್ಟ್ರಮ್‌ನಲ್ಲಿ, ಅಂದರೆ ಅಣುಗಳಿಗೆ ವಿದ್ಯುದಾವೇಶ ಕೊಟ್ಟು ತೂಕದ ಪ್ರಕಾರ ಬೇರ್ಪಡಿಸಿ ಬರೆದ ನಕ್ಷೆಯಲ್ಲಿ, ಎದ್ದು ನಿಲ್ಲುವ ಗೆರೆ. ಅದರ ಅಡಿಯಲ್ಲಿರುವ ಎಂ/ಝಡ್ ಎಂಬುದು ಅಯಾನಿನ, ಅಂದರೆ ಆವೇಶ ಹೊತ್ತ ಅಣು ಅಥವಾ ತುಣುಕಿನ, ರಾಶಿಯನ್ನು ಅದರ ವಿದ್ಯುದಾವೇಶದಿಂದ ಭಾಗಿಸಿದ ಸಂಖ್ಯೆ. ಆವೇಶ ಒಂದೇ ಇದ್ದರೆ ಅದನ್ನು ರಾಶಿ ಎಂದೇ ಓದಬಹುದು. ಒಂದೇ ಮೂಲವಸ್ತುವಿನ, ತೂಕ ಮಾತ್ರ ಬೇರೆಯಾದ ಪರಮಾಣುಗಳನ್ನು ಐಸೋಟೋಪ್‌ಗಳು ಅಥವಾ ಸಮಸ್ಥಾನಿಗಳು ಎನ್ನುತ್ತೇವೆ. ಅತಿ ಹಗುರ ಐಸೋಟೋಪ್‌ಗಳಿಂದಲೇ ಆದ ಅಣುವಿನ ಪೀಕ್ ಅನ್ನು 'ಎಂ' ಎಂದೂ, ಅದಕ್ಕಿಂತ ಒಂದು, ಎರಡು, ನಾಲ್ಕು ಘಟಕ ಭಾರವಾದವುಗಳನ್ನು ಎಂ+1, ಎಂ+2, ಎಂ+4 ಎಂದೂ ಈ ಲೇಖನದಲ್ಲಿ ಕರೆಯುತ್ತೇನೆ.

ನೆನಪಿಡಬೇಕಾದ ಅಂಕಿಗಳು ಕೆಲವೇ. ನಿಸರ್ಗದ ಕ್ಲೋರಿನ್‌ನಲ್ಲಿ 35 ತೂಕದ ಪರಮಾಣುಗಳು ಶೇ. 75.8, 37 ತೂಕದವು ಶೇ. 24.2, ಅಂದರೆ ಹೆಚ್ಚುಕಡಿಮೆ ಮೂರಕ್ಕೆ ಒಂದು. ಬ್ರೋಮಿನ್‌ನಲ್ಲಿ 79 ತೂಕದವು ಶೇ. 50.7, 81 ತೂಕದವು ಶೇ. 49.3, ಅಂದರೆ ಸಮಸಮ. ಫ್ಲೋರಿನ್‌ಗೆ 19, ಅಯೋಡಿನ್‌ಗೆ 127 ಎಂಬ ಒಂದೊಂದೇ ಸ್ಥಿರ ಐಸೋಟೋಪ್ ಇರುವುದರಿಂದ ಅವು ಈ ರೀತಿಯ ಜೋಡಿ ಪೀಕ್ ಕೊಡುವುದಿಲ್ಲ. ಇವುಗಳ ಜೊತೆಗೆ ಕಾರ್ಬನ್‌ನ ಶೇ. 1.1 ಭಾಗ 13 ತೂಕದ್ದು, ಗಂಧಕದ ಶೇ. 4ಕ್ಕಿಂತ ತುಸು ಹೆಚ್ಚು ಭಾಗ 34 ತೂಕದ್ದು ಎಂಬುದೂ ಗೊತ್ತಿರಲಿ. ಬೇಕಾದ ಸಾಮಗ್ರಿ ಎಂದರೆ ಪೀಕ್‌ಗಳ ಎತ್ತರವನ್ನು ಅಂಕಿಗಳಲ್ಲಿ ಕೊಡುವ ಪಟ್ಟಿ, ಕಾಗದ, ಪೆನ್ಸಿಲ್. ಚಿತ್ರದ ಪ್ರಿಂಟ್ ಮಾತ್ರ ಸಾಲದು.

ಹಂತ 1: ನಂಬಬಹುದಾದ ಸ್ಪೆಕ್ಟ್ರಮ್ ಪಡೆಯಿರಿ

ಅನುಪಾತ ಓದುವ ಕೆಲಸದಲ್ಲಿ ಅರ್ಧಕ್ಕರ್ಧ ತಪ್ಪುಗಳು ಓದುವ ಮೊದಲೇ ಆಗಿರುತ್ತವೆ ಎಂಬುದು ನನ್ನ ಅನುಭವ. ಮಿಶ್ರಣದ ವಸ್ತುಗಳನ್ನು ಬೇರ್ಪಡಿಸುವ ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ಗೆ ಜೋಡಿಸಿದ ಕ್ವಾಡ್ರುಪೋಲ್ ಎಂಬ ಬಗೆಯ ಮಾಸ್ ಯಂತ್ರವು ಎಲ್ಲ ರಾಶಿಗಳನ್ನು ಒಂದೇ ಕ್ಷಣದಲ್ಲಿ ಅಳೆಯುವುದಿಲ್ಲ, ಒಂದಾದ ಮೇಲೊಂದರಂತೆ ಅಳೆಯುತ್ತ ಹೋಗುತ್ತದೆ. ಆ ಹೊತ್ತಿನಲ್ಲಿ ಕಾಲಮ್ ಎಂಬ ಬೇರ್ಪಡಿಸುವ ಕೊಳವೆಯಿಂದ ಬರುವ ವಸ್ತುವಿನ ಪ್ರಮಾಣ ಏರುತ್ತಲೋ ಇಳಿಯುತ್ತಲೋ ಇದ್ದರೆ, ಒಂದೇ ಸ್ಕ್ಯಾನ್‌ನಲ್ಲಿ, ಅಂದರೆ ಒಂದು ಸುತ್ತಿನ ಅಳತೆಯಲ್ಲಿ, ಸಿಗುವ ಅನುಪಾತ ಓರೆಯಾಗುತ್ತದೆ. ಆದ್ದರಿಂದ ಕ್ರೊಮ್ಯಾಟೊಗ್ರಾಮ್‌ನ, ಅಂದರೆ ಯಾವ ಸಮಯಕ್ಕೆ ಎಷ್ಟು ವಸ್ತು ಹೊರಬಂತೆಂದು ತೋರಿಸುವ ನಕ್ಷೆಯ, ಪೀಕ್‌ನ ಒಂದು ಬದಿಯ ಸ್ಕ್ಯಾನ್ ಅನ್ನು ಆರಿಸಬೇಡಿ. ಇಡೀ ಪೀಕ್‌ನ ಸ್ಕ್ಯಾನ್‌ಗಳ ಸರಾಸರಿ ತೆಗೆದು, ಪಕ್ಕದ ಖಾಲಿ ಜಾಗದ ಹಿನ್ನೆಲೆಯನ್ನು ಕಳೆಯಿರಿ.

ಎರಡನೆಯದಾಗಿ, ಮಾದರಿ ಗಟ್ಟಿಯಾಗಿದ್ದರೆ ಡಿಟೆಕ್ಟರ್ ತುಂಬಿಹೋಗುತ್ತದೆ. ಎತ್ತರದ ಪೀಕ್‌ನ ತಲೆ ಕತ್ತರಿಸಿದಂತಾಗಿ ಗಿಡ್ಡ ಪೀಕ್ ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಒಂದು ಕ್ಲೋರಿನ್‌ನ 100:32 ಅನುಪಾತವು 100:50 ಆಗಿ, ನೀವು ಇಲ್ಲದ ಎರಡನೆಯ ಕ್ಲೋರಿನ್ ಹುಡುಕುತ್ತ ಕೂರುತ್ತೀರಿ. ಸಂಶಯ ಬಂದರೆ ಹತ್ತು ಪಟ್ಟು ತೆಳು ಮಾಡಿ ಮತ್ತೊಮ್ಮೆ ಹಾಕಿ. ಅನುಪಾತ ಬದಲಾದರೆ ಮೊದಲಿನದನ್ನು ಬಿಟ್ಟುಬಿಡಿ. ಸಾಫ್ಟ್‌ವೇರ್‌ನ ಥ್ರೆಶೋಲ್ಡ್, ಅಂದರೆ ಇಷ್ಟಕ್ಕಿಂತ ಗಿಡ್ಡ ಪೀಕ್ ತೋರಿಸಬೇಡ ಎಂಬ ಮಿತಿ, ಹೆಚ್ಚಾಗಿದ್ದರೂ ನಮಗೆ ಬೇಕಾದ ಸಣ್ಣ ಪೀಕ್‌ಗಳೇ ಮಾಯವಾಗುತ್ತವೆ.

ನಿಮ್ಮ ಯಂತ್ರ ಸರಿಯಾಗಿ ಅಳೆಯುತ್ತದೆಯೇ ಎಂದು ತಿಳಿಯಲು ಕ್ಲೋರೋಬೆಂಜೀನ್ ಮತ್ತು ಬ್ರೋಮೋಬೆಂಜೀನ್‌ಗಳ ತೆಳು ದ್ರಾವಣ ಸಾಕು. ಮೊದಲನೆಯದು 112 ಮತ್ತು 114ರಲ್ಲಿ ಸುಮಾರು 100:32, ಎರಡನೆಯದು 156 ಮತ್ತು 158ರಲ್ಲಿ ಸುಮಾರು 100:97 ಕೊಡಬೇಕು.

ಹಂತ 2: 'ಎಂ' ಯಾವುದೆಂದು ಗೊತ್ತುಮಾಡಿ

ಬಾಟಲಿಯ ಲೇಬಲ್ ಮೇಲಿನ ಅಣುತೂಕವನ್ನು ಸ್ಪೆಕ್ಟ್ರಮ್‌ನಲ್ಲಿ ಹುಡುಕಬೇಡಿ. ಬ್ರೋಮೋಬೆಂಜೀನ್‌ನ ಲೇಬಲ್ 157.01 ಎನ್ನುತ್ತದೆ, ಆದರೆ ಸ್ಪೆಕ್ಟ್ರಮ್‌ನಲ್ಲಿ 157ರ ಜಾಗದಲ್ಲಿ ಇರುವುದು ಕಾರ್ಬನ್-13ರ ಸಣ್ಣ ಪೀಕ್ ಮಾತ್ರ. ನಿಜವಾದ ಪೀಕ್‌ಗಳು ಅದರ ಎರಡೂ ಪಕ್ಕದಲ್ಲಿ ನಿಂತಿರುತ್ತವೆ. ಲೇಬಲ್ ಹೇಳುವುದು ಎಲ್ಲ ಐಸೋಟೋಪ್‌ಗಳ ಸರಾಸರಿಯನ್ನು, ಯಂತ್ರ ಅಳೆಯುವುದು ಒಂದೊಂದು ಅಣುವನ್ನು ಬೇರೆಬೇರೆಯಾಗಿ. ಕ್ಲೋರಿನ್‌ನ ಪರಮಾಣು ತೂಕ 35.45 ಎಂಬ ಅರೆಬರೆ ಸಂಖ್ಯೆ ಏಕೆ ಎಂಬ ಹಳೆಯ ಒಗಟನ್ನು 1919ರಲ್ಲಿ ಎಫ್. ಡಬ್ಲ್ಯೂ. ಆಸ್ಟನ್ ಬಿಡಿಸಿದ್ದೂ ಹೀಗೆಯೇ: ಅವರ ಮಾಸ್ ಸ್ಪೆಕ್ಟ್ರೋಗ್ರಾಫ್‌ನಲ್ಲಿ 35.45ರ ಜಾಗದಲ್ಲಿ ಏನೂ ಇರಲಿಲ್ಲ, 35 ಮತ್ತು 37ರಲ್ಲಿ ಗೆರೆಗಳಿದ್ದವು.

'ಎಂ' ಎಂದರೆ ಗುಂಪಿನ ಅತಿ ಎತ್ತರದ ಪೀಕ್ ಅಲ್ಲ, ಗುಂಪಿನ ಎಡತುದಿಯ ಮುಖ್ಯ ಪೀಕ್. ಹ್ಯಾಲೊಜನ್ ಹೆಚ್ಚಿದಂತೆ ಎತ್ತರದ ಪೀಕ್ ಬಲಕ್ಕೆ ಸರಿಯುತ್ತದೆ. ಎಂಡೋಸಲ್ಫಾನ್‌ನಲ್ಲಿ ಆರು ಕ್ಲೋರಿನ್‌ಗಳಿವೆ. ಅದರ ಗುಂಪು 404ರಿಂದ ಆರಂಭವಾದರೂ ಎತ್ತರದ ಪೀಕ್ 406ರಲ್ಲಿರುತ್ತದೆ, 404 ಅದರ ಅರ್ಧದಷ್ಟೇ ಇರುತ್ತದೆ. 406 ಅನ್ನೇ 'ಎಂ' ಎಂದು ಹಿಡಿದರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ. ಬಲವಾದ ಎಲೆಕ್ಟ್ರಾನ್ ಹೊಡೆತದಲ್ಲಿ ಈ ಅಣು ಅಯಾನ್, ಅಂದರೆ ಒಡೆಯದೆ ಉಳಿದ ಇಡೀ ಅಣುವಿನ ಅಯಾನ್, ಬಹಳ ಕ್ಷೀಣವಾಗಿರಬಹುದು. ಆಗ ತುಣುಕುಗಳ ಗುಂಪನ್ನೇ ಓದಬೇಕಾಗುತ್ತದೆ.

ಹಂತ 3: ಪೀಕ್‌ಗಳ ನಡುವಿನ ಅಂತರ ಅಳೆಯಿರಿ

ಒಂದೇ ಆವೇಶದ ಅಯಾನಿನಲ್ಲಿ ಕ್ಲೋರಿನ್, ಬ್ರೋಮಿನ್‌ಗಳ ಪೀಕ್‌ಗಳು ಎರಡೆರಡು ಘಟಕ ಬಿಟ್ಟು ಬರುತ್ತವೆ. ಅಂತರ ಒಂದೇ ಘಟಕವಿದ್ದು, ನಡುವೆ ಅರ್ಧ ಘಟಕದಲ್ಲಿ ಸಣ್ಣ ಪೀಕ್‌ಗಳು ಕಂಡರೆ ಆವೇಶ ಎರಡು ಎಂದು ತಿಳಿದು, ಎಂ/ಝಡ್ ಅನ್ನು ಎರಡರಿಂದ ಗುಣಿಸಿ ಲೆಕ್ಕ ಮಾಡಿ.

ಹಂತ 4: ಅನುಪಾತವನ್ನು ಕೈಯಿಂದ ಲೆಕ್ಕ ಹಾಕಿ

ಐಸೋಟೋಪ್ ಲೆಕ್ಕ ಮಾಡುವ ಸಾಫ್ಟ್‌ವೇರ್ ಈಗ ಎಲ್ಲ ಕಡೆ ಸಿಗುತ್ತದೆ. ಆದರೂ ಮೊದಲ ಹತ್ತು ಸ್ಪೆಕ್ಟ್ರಮ್‌ಗಳನ್ನು ಕಾಗದದ ಮೇಲೆ ಮಾಡಿ. ಮಗ್ಗಿ ಬಂದರೆ ಸಾಕು. ಕ್ಲೋರಿನ್ ಅನ್ನು 3:1 ಎಂದೂ ಬ್ರೋಮಿನ್ ಅನ್ನು 1:1 ಎಂದೂ ಹಿಡಿಯಿರಿ. ಪರಮಾಣುಗಳು ಎಷ್ಟಿವೆಯೋ ಅಷ್ಟು ಸಲ ಇವನ್ನು ಗುಣಿಸುತ್ತ ಹೋದರೆ ಪೀಕ್‌ಗಳ ವಿನ್ಯಾಸ ಸಿಗುತ್ತದೆ.

ಎರಡು ಕ್ಲೋರಿನ್ ಇದ್ದರೆ 3:1 ಅನ್ನು 3:1ರಿಂದ ಗುಣಿಸಬೇಕು. ಎರಡೂ ಹಗುರ ಇರುವುದು ಮೂರು ಮೂರಲ ಒಂಬತ್ತು. ಒಂದು ಹಗುರ ಒಂದು ಭಾರ ಇರುವುದು ಮೂರು ಮತ್ತು ಮೂರು ಸೇರಿ ಆರು. ಎರಡೂ ಭಾರ ಇರುವುದು ಒಂದು. ಅಂದರೆ 9:6:1. ನಿಖರ ಅಂಕಿಗಳಲ್ಲಿ ಇದು 100:64:10. ಮೂರು ಕ್ಲೋರಿನ್‌ಗೆ 27:27:9:1 ಬರುತ್ತದೆ, ನಿಖರವಾಗಿ 100:96:31:3. ಎರಡು ಬ್ರೋಮಿನ್‌ಗೆ 1:2:1, ನಿಖರವಾಗಿ 51:100:49. ಮೂರು ಬ್ರೋಮಿನ್‌ಗೆ 1:3:3:1, ನಿಖರವಾಗಿ 34:100:97:32. ಒಂದು ಬ್ರೋಮಿನ್ ಮತ್ತು ಒಂದು ಕ್ಲೋರಿನ್ ಇದ್ದರೆ 1:1 ಅನ್ನು 3:1ರಿಂದ ಗುಣಿಸಿ 3:4:1, ನಿಖರವಾಗಿ 77:100:24.

ಎಚ್ಚರಿಕೆ: ಎಂ+2 ಪೀಕ್ 'ಎಂ' ಪೀಕ್‌ಗೆ ಬಹುತೇಕ ಸಮವಾಗಿದ್ದ ಕೂಡಲೆ ಬ್ರೋಮಿನ್ ಎಂದು ಬರೆದುಬಿಡುವ ಅಭ್ಯಾಸ ಬಹಳ ಜನರಲ್ಲಿದೆ. ಒಂದು ಬ್ರೋಮಿನ್ 100:97 ಕೊಡುತ್ತದೆ, ಮೂರು ಕ್ಲೋರಿನ್ 100:96 ಕೊಡುತ್ತವೆ. ಮೊದಲ ಎರಡು ಪೀಕ್‌ಗಳ ಎತ್ತರವೊಂದರಿಂದಲೇ ಇವನ್ನು ಬೇರ್ಪಡಿಸಲು ಆಗದು.

ಹಂತ 5: ಮೂರನೆಯ ಪೀಕ್‌ನ ಮಾತು ಕೇಳಿ

ಈ ಇಡೀ ಲೇಖನದಲ್ಲಿ ಒಂದೇ ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ತೀರ್ಪು ಕೊಡುವುದು ಎಂ+4. ಮೇಲಿನ ಉದಾಹರಣೆಯಲ್ಲಿ ಬ್ರೋಮಿನ್ ಒಂದೇ ಇದ್ದರೆ ಎಂ+4ರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರುವುದಿಲ್ಲ, ಮೂರು ಕ್ಲೋರಿನ್ ಇದ್ದರೆ 31ರಷ್ಟು ಎತ್ತರದ ಪೀಕ್ ಇರುತ್ತದೆ. ಇನ್ನೂ ಮೋಸದ ಜೋಡಿಯೊಂದಿದೆ. ನಾಲ್ಕು ಕ್ಲೋರಿನ್‌ಗಳ ಗುಂಪು 78:100:48:10:1. ಒಂದು ಬ್ರೋಮಿನ್, ಒಂದು ಕ್ಲೋರಿನ್‌ನ ಗುಂಪು 77:100:24. ಮೊದಲ ಎರಡು ಪೀಕ್‌ಗಳು ಅವಳಿಗಳಂತಿವೆ. ಎಂ+4 ಅರ್ಧದಷ್ಟಿದೆಯೋ ಕಾಲಿನಷ್ಟಿದೆಯೋ ಎಂಬುದರ ಮೇಲೆ ನಿರ್ಧಾರ ನಿಂತಿದೆ. ಮೊದಲನೆಯದರಲ್ಲಿ ಎಂ+6ರಲ್ಲೂ ಸ್ಪಷ್ಟ ಪೀಕ್ ಇರುತ್ತದೆ.

ಈಗ ನಮ್ಮ ಸೀಮೆಯ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಹತ್ತಿಗೆ ಸಿಂಪಡಿಸುವ ಪ್ರೊಫೆನೋಫಾಸ್ ಎಂಬ ಕೀಟನಾಶಕದಲ್ಲಿ ಒಂದು ಬ್ರೋಮಿನ್, ಒಂದು ಕ್ಲೋರಿನ್, ಒಂದು ಗಂಧಕ, ಹನ್ನೊಂದು ಕಾರ್ಬನ್‌ಗಳಿವೆ. ಲಿಕ್ವಿಡ್ ಕ್ರೊಮ್ಯಾಟೊಗ್ರಾಫ್‌ಗೆ ಜೋಡಿಸಿದ ಯಂತ್ರದಲ್ಲಿ ಇದು ಒಂದು ಪ್ರೋಟಾನ್ ಹೊತ್ತು 373, 375, 377ರಲ್ಲಿ ಕಾಣಿಸಿಕೊಳ್ಳುತ್ತದೆ. ನೀವು 77:100:24 ನಿರೀಕ್ಷಿಸಿ ಕುಳಿತಿದ್ದರೆ ನಿರಾಸೆಯಾಗುತ್ತದೆ, ಏಕೆಂದರೆ ಬರಬೇಕಾದದ್ದು ಸುಮಾರು 74:100:28. ಈ ವ್ಯತ್ಯಾಸಕ್ಕೆ ಕಾರಣ ಮುಖ್ಯವಾಗಿ ಗಂಧಕ-34. ಅದು ತನ್ನ ಪಾಲಿನ ಶೇ. ನಾಲ್ಕೂವರೆಯಷ್ಟನ್ನು ಪ್ರತಿ ಪೀಕ್‌ನಿಂದ ಎರಡು ಘಟಕ ಮುಂದಕ್ಕೆ ಸಾಗಿಸುತ್ತದೆ. ಕಾರ್ಬನ್ ಮತ್ತು ಆಮ್ಲಜನಕಗಳೂ ಸೇರಿ ಇನ್ನೊಂದಿಷ್ಟನ್ನು ತಳ್ಳುತ್ತವೆ. 375ರ ಎತ್ತರದ ಪೀಕ್‌ನಿಂದ 377ಕ್ಕೆ ಹೋಗುವ ಪಾಲು ದೊಡ್ಡದಾದ್ದರಿಂದ ಆ ಪೀಕ್ 24ರಿಂದ 28ಕ್ಕೆ ಏರುತ್ತದೆ. ಗಂಧಕವನ್ನು ಲೆಕ್ಕಕ್ಕೆ ಹಿಡಿಯದವರು ಇಂಥಲ್ಲಿ ಮಾಪನವೇ ತಪ್ಪೆಂದು ಯಂತ್ರವನ್ನು ದೂರುತ್ತಾರೆ.

ಹಂತ 6: ತುಣುಕುಗಳನ್ನು ಸಾಕ್ಷಿಗೆ ಕರೆಯಿರಿ

ಅಣು ಅಯಾನ್ ಒಡೆದು ತುಣುಕಾದಾಗ ಹ್ಯಾಲೊಜನ್ ಯಾವ ತುಣುಕಿನಲ್ಲಿ ಉಳಿಯಿತೋ ಅದಷ್ಟೇ ಈ ವಿನ್ಯಾಸವನ್ನು ಉಳಿಸಿಕೊಳ್ಳುತ್ತದೆ. 1-ಬ್ರೋಮೊ-4-ಕ್ಲೋರೋಬೆಂಜೀನ್‌ನ ಅಣು ಅಯಾನ್ 190, 192, 194ರಲ್ಲಿ ಬರುತ್ತದೆ. ಬ್ರೋಮಿನ್ ಹಾರಿಹೋದ ತುಣುಕು 111 ಮತ್ತು 113ರಲ್ಲಿ ಮೂರಕ್ಕೆ ಒಂದರಂತೆ ನಿಲ್ಲುತ್ತದೆ, ಅಂದರೆ ಕ್ಲೋರಿನ್ ಇನ್ನೂ ಅಲ್ಲಿದೆ. ಕ್ಲೋರಿನ್ ಕೂಡ ಹೈಡ್ರೊಜನ್ ಕ್ಲೋರೈಡ್ ಆಗಿ ಹೋದ ಮೇಲೆ 75ರಲ್ಲಿ ಉಳಿಯುವ ತುಣುಕಿಗೆ ಜೊತೆಗಾರನಿಲ್ಲ. ಎಣಿಕೆ ಹೀಗೆ ಮೇಲಿನಿಂದ ಕೆಳಗೆ ಒಂದೊಂದಾಗಿ ಇಳಿಯುತ್ತ ಬಂದರೆ ನಿಮ್ಮ ಊಹೆ ಗಟ್ಟಿ. ಕ್ಲೋರಿನ್ ಹೋದರೆ 35, ಹೈಡ್ರೊಜನ್ ಕ್ಲೋರೈಡ್ ಹೋದರೆ 36, ಬ್ರೋಮಿನ್ ಹೋದರೆ 79, ಹೈಡ್ರೊಜನ್ ಬ್ರೋಮೈಡ್ ಹೋದರೆ 80 ಘಟಕ ಕಡಿಮೆಯಾಗಬೇಕು. ಕಳೆಯುವಾಗ ಎರಡೂ ಗುಂಪುಗಳ ಎಡತುದಿಯ ಪೀಕ್‌ಗಳನ್ನೇ ಬಳಸಿ.

ಹಂತ 7: ವೇಷಧಾರಿಗಳನ್ನು ಹೊರಗಿಡಿ

ಎರಡು ಘಟಕ ಅಂತರದ ಜೋಡಿಗಳೆಲ್ಲ ಹ್ಯಾಲೊಜನ್‌ನವಲ್ಲ. ಮೆಣಸಿನಕಾಯಿಯ ಸಾರವನ್ನು ಕಾಲಮ್ ಇಲ್ಲದೆ ನೇರವಾಗಿ ಯಂತ್ರಕ್ಕೆ ಬಿಟ್ಟರೆ 306 ಮತ್ತು 308ರಲ್ಲಿ ಎರಡು ಪೀಕ್‌ಗಳು ಏಳುತ್ತವೆ. ಬ್ಯಾಡಗಿಯದು ಬಣ್ಣಕ್ಕೆ ಹೆಸರಾದ, ಖಾರ ಕಡಿಮೆಯಿರುವ ಕಾಯಿಯಾದರೂ ಆ ಜೋಡಿ ಅಲ್ಲೂ ತಪ್ಪುವುದಿಲ್ಲ. ಮೊದಲ ಸಲ ನೋಡಿದಾಗ ನಾನೂ ಪಕ್ಕದಲ್ಲಿ "ಕ್ಲೋರಿನ್?" ಎಂದು ಗುರುತು ಹಾಕಿದ್ದೆ. ಅವು ಖಾರದ ಮೂಲವಾದ ಕ್ಯಾಪ್ಸೈಸಿನ್ ಮತ್ತು ಡೈಹೈಡ್ರೋಕ್ಯಾಪ್ಸೈಸಿನ್. ಎರಡನೆಯದರಲ್ಲಿ ಎರಡು ಹೈಡ್ರೊಜನ್ ಹೆಚ್ಚು, ಅಷ್ಟೇ. ಇಂಥ ವೇಷ ಕಳಚಲು ಮೂರು ದಾರಿಗಳಿವೆ. ಕಾಲಮ್ ಮೂಲಕ ಕಳಿಸಿದರೆ ಇವೆರಡೂ ಬೇರೆ ಬೇರೆ ಸಮಯಕ್ಕೆ ಹೊರಬರುತ್ತವೆ, ಐಸೋಟೋಪ್ ಜೋಡಿಯಾದರೆ ಒಟ್ಟಿಗೇ ಬರುತ್ತದೆ. ಮಾದರಿಯಿಂದ ಮಾದರಿಗೆ ಇವುಗಳ ಅನುಪಾತ ಬದಲಾಗುತ್ತದೆ, ಐಸೋಟೋಪ್ ಅನುಪಾತ ಬದಲಾಗದು. ಹೈ ರೆಸಲ್ಯೂಷನ್ ಯಂತ್ರ, ಅಂದರೆ ದಶಮಾಂಶದ ಮೂರು-ನಾಲ್ಕು ಸ್ಥಾನಗಳವರೆಗೆ ರಾಶಿ ಅಳೆಯುವ ಯಂತ್ರವಿದ್ದರೆ ಅಂತರವನ್ನೇ ನೋಡಿ: ಎರಡು ಹೈಡ್ರೊಜನ್‌ಗೆ 2.016, ಕ್ಲೋರಿನ್‌ಗೆ 1.997, ಬ್ರೋಮಿನ್‌ಗೆ 1.998, ಗಂಧಕಕ್ಕೆ 1.996. ಕೊನೆಯ ಮೂರು ತೀರ ಹತ್ತಿರವಿರುವುದರಿಂದ ಅವುಗಳನ್ನು ತಮ್ಮತಮ್ಮಲ್ಲಿ ಬೇರ್ಪಡಿಸಲು ಅಂತರಕ್ಕಿಂತ ಅನುಪಾತವೇ ಮೇಲು.

ಎರಡನೆಯ ವೇಷಧಾರಿ ನಿಜವಾದ ಕ್ಲೋರಿನ್ನೇ, ಆದರೆ ನಿಮ್ಮ ಅಣುವಿನದಲ್ಲ. ಋಣ ಅಯಾನ್ ವಿಧಾನದಲ್ಲಿ ಉಪ್ಪಿನಿಂದಲೋ ಕ್ಲೋರೋಫಾರ್ಮ್‌ನಿಂದಲೋ ಬಂದ ಕ್ಲೋರೈಡ್ ಅಣುವಿಗೆ ಅಂಟಿಕೊಳ್ಳುತ್ತದೆ. ಇದನ್ನು ಅಡಕ್ಟ್ ಎನ್ನುತ್ತಾರೆ. 180 ತೂಕದ ಗ್ಲೂಕೋಸ್ ಕೂಡ ಹೀಗೆ 215 ಮತ್ತು 217ರಲ್ಲಿ ಚೊಕ್ಕ 3:1 ಜೋಡಿ ಕೊಡುತ್ತದೆ. ಎಡಗಡೆಯ ಪೀಕ್‌ನಿಂದ 36 ಘಟಕ ಕೆಳಗೆ ನೋಡಿ: ಅಲ್ಲಿ, ಈ ಉದಾಹರಣೆಯಲ್ಲಿ 179ರಲ್ಲಿ, ಜೊತೆಗಾರನಿಲ್ಲದ ಅಯಾನ್ ಇದ್ದರೆ ಮತ್ತು ಧನ ಅಯಾನ್ ವಿಧಾನದಲ್ಲಿ ಈ ವಿನ್ಯಾಸ ಕಾಣದಿದ್ದರೆ ಅದು ಅಡಕ್ಟ್ ಎಂದೇ ಹಿಡಿಯಬಹುದು.

ಮೂರನೆಯದು ಕಾಲಮ್‌ನ ಒಳಪದರ ಸವೆದು ಬರುವ ಸಿಲಿಕಾನ್ ಸಂಯುಕ್ತಗಳು. 207 ಮತ್ತು 281 ಕಂಡರೆ ಅವೇ. 207ರ ಮುಂದೆ 208 ಸುಮಾರು 20, 209 ಸುಮಾರು 12 ಇರುತ್ತದೆ. ಎಂ+1 ಹೀಗೆ ಎಂ+2ಕ್ಕಿಂತ ದೊಡ್ಡದಾಗಿರುವುದು ಕ್ಲೋರಿನ್‌ನ ಲಕ್ಷಣವಲ್ಲ.

ಹಂತ 8: ಫ್ಲೋರಿನ್ ಮತ್ತು ಅಯೋಡಿನ್ ಬಗ್ಗೆ ಬೇರೆ ಪ್ರಶ್ನೆ ಕೇಳಿ

ಈ ಎರಡಕ್ಕೆ ಐಸೋಟೋಪ್ ವಿನ್ಯಾಸ ಇಲ್ಲ, ಆದರೆ ಆ ಇಲ್ಲದಿರುವಿಕೆಯನ್ನೇ ಸುಳಿವಾಗಿ ಬಳಸಬಹುದು. ಯಂತ್ರವನ್ನು ಟ್ಯೂನ್ ಮಾಡಲು ಬಳಸುವ ಪಿಎಫ್‌ಟಿಬಿಎ ಎಂಬ ಫ್ಲೋರಿನ್ ಸಂಯುಕ್ತದ ವರದಿ ಪ್ರತಿ ಪ್ರಯೋಗಾಲಯದಲ್ಲೂ ಫೈಲ್ ಆಗಿರುತ್ತದೆ. ಅದನ್ನು ತೆಗೆದು ನೋಡಿ. 69, 219, 502 ಎಂಬ ಮುಖ್ಯ ಪೀಕ್‌ಗಳ ಪಕ್ಕದಲ್ಲಿ 70, 220, 503 ಕ್ರಮವಾಗಿ ಶೇ. 1, 4, 10ರ ಆಸುಪಾಸಿನಲ್ಲಿರುತ್ತವೆ. 502 ತೂಕದ ಸಾಮಾನ್ಯ ಸಾವಯವ ಅಯಾನ್ ಆಗಿದ್ದರೆ ಮೂವತ್ತಕ್ಕೂ ಹೆಚ್ಚು ಕಾರ್ಬನ್‌ಗಳಿದ್ದು ಎಂ+1 ಶೇ. 30 ದಾಟುತ್ತಿತ್ತು. ಇಲ್ಲಿ ಕಾರ್ಬನ್ ಒಂಬತ್ತೇ, ಉಳಿದ ತೂಕ ಬಹುಪಾಲು ಫ್ಲೋರಿನ್‌ನದು. ಅಯೋಡೋಬೆಂಜೀನ್‌ನಲ್ಲೂ ಇದೇ ಕಥೆ: 204ರ ಅಣು ಅಯಾನಿಗೆ ಎಂ+1 ಶೇ. 6.5 ಮಾತ್ರ, ಮತ್ತು ಅಲ್ಲಿಂದ 127 ಘಟಕ ಒಂದೇ ನೆಗೆತಕ್ಕೆ ಇಳಿದು 77 ಬರುತ್ತದೆ. ತೂಕಕ್ಕೆ ತಕ್ಕ ಎಂ+1 ಇಲ್ಲದಿದ್ದರೆ ಈ ಇಬ್ಬರನ್ನು ಸಂಶಯಿಸಿ. 20 ಘಟಕದ ನಷ್ಟ ಹೈಡ್ರೊಜನ್ ಫ್ಲೋರೈಡ್‌ನದು, 127ರ ನಷ್ಟ ಅಥವಾ 127ರಲ್ಲೇ ಇರುವ ಪೀಕ್ ಅಯೋಡಿನ್‌ನದು. 69 ಒಂದನ್ನೇ ನೋಡಿ ಫ್ಲೋರಿನ್ ಎನ್ನಬೇಡಿ, ಸಾಧಾರಣ ಹೈಡ್ರೊಕಾರ್ಬನ್‌ಗಳೂ ಅಲ್ಲಿ ಪೀಕ್ ಕೊಡುತ್ತವೆ.

ಹಂತ 9: ಎಂಎಸ್/ಎಂಎಸ್ ಮಾಡುವವರು ಗಮನಿಸಬೇಕಾದದ್ದು

ಎಂಎಸ್/ಎಂಎಸ್ ಎಂದರೆ ಒಂದು ಅಯಾನನ್ನು ಆರಿಸಿ, ಬೇರೆಲ್ಲವನ್ನು ತಡೆದು, ಅದನ್ನಷ್ಟೇ ಒಡೆದು ನೋಡುವುದು. ನೀವು 'ಎಂ' ಪೀಕ್ ಒಂದನ್ನೇ ಒಳಗೆ ಬಿಟ್ಟರೆ ಒಳಹೋದ ಪ್ರತಿ ಕ್ಲೋರಿನ್ 35ರದ್ದೇ ಆಗಿರುತ್ತದೆ. ತುಣುಕಿನಲ್ಲಿ 37 ಕಾಣುವ ಪ್ರಶ್ನೆಯೇ ಇಲ್ಲ. ತುಣುಕಿಗೆ ಜೋಡಿ ಇಲ್ಲವೆಂದು ಅದರಲ್ಲಿ ಕ್ಲೋರಿನ್ ಇಲ್ಲ ಎಂದು ಬರೆದ ವರದಿಗಳು ನನ್ನ ಕೈಗೆ ಒಂದಕ್ಕಿಂತ ಹೆಚ್ಚು ಸಲ ಬಂದಿವೆ. ವಿನ್ಯಾಸ ಬೇಕೆಂದರೆ 'ಎಂ' ಮತ್ತು ಎಂ+2 ಎರಡನ್ನೂ ಬೇರೆ ಬೇರೆಯಾಗಿ ಆರಿಸಿ ಒಡೆಯಬೇಕು.

ಶೇಷ ಪರೀಕ್ಷೆಯಲ್ಲಿ ಇದನ್ನೇ ಲಾಭಕ್ಕೆ ತಿರುಗಿಸಿಕೊಳ್ಳಬಹುದು. ಮೂರು ಕ್ಲೋರಿನ್‌ಗಳ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕಕ್ಕೆ 350ರಿಂದ 198, 352ರಿಂದ 200 ಎಂಬ ಎರಡು ದಾರಿಗಳನ್ನು ಅಳೆಯಿರಿ. ಮೂರೂ ಕ್ಲೋರಿನ್‌ಗಳು ಆ ತುಣುಕಿನಲ್ಲೇ ಉಳಿಯುತ್ತವೆ, ಗಂಧಕ ಉಳಿಯುವುದಿಲ್ಲ. ಹಾಗಾಗಿ ಎರಡರ ಪೀಕ್‌ಗಳ ವಿಸ್ತೀರ್ಣ 100:96ರ ಹತ್ತಿರ ಬರಬೇಕು. ಮಾದರಿಯಲ್ಲಿ ಬಂದ ಅನುಪಾತವನ್ನು ಅದೇ ದಿನ ಹಾಕಿದ ಸ್ಟ್ಯಾಂಡರ್ಡ್‌ನ, ಅಂದರೆ ಅದೇ ಕೀಟನಾಶಕದ ಶುದ್ಧ ದ್ರಾವಣದ, ಅನುಪಾತಕ್ಕೆ ಹೋಲಿಸಿ. ಅಯಾನ್ ಅನುಪಾತ ಸ್ಟ್ಯಾಂಡರ್ಡ್‌ನಿಂದ ಶೇ. 30ಕ್ಕಿಂತ ಆಚೀಚೆ ಸರಿಯಬಾರದು ಎಂಬುದು ಐರೋಪ್ಯ ಒಕ್ಕೂಟದ ಶೇಷ ಪರೀಕ್ಷಾ ಮಾರ್ಗಸೂಚಿಯ ಮಿತಿ. ಕಾಲಮ್‌ನಿಂದ ಹೊರಬರುವ ಸಮಯ ಸರಿಯಾಗಿ ಹೊಂದಿದ್ದರೂ ಅನುಪಾತ ಈ ಮಿತಿ ಮೀರಿದ್ದರೆ, ಆ ಪೀಕ್‌ನಡಿ ಮೆಣಸಿನಕಾಯಿಯದೇ ಬೇರೇನೋ ಅಡಗಿರುವ ಸಾಧ್ಯತೆ ಹೆಚ್ಚು. ಸಾರವನ್ನು ಮತ್ತೊಮ್ಮೆ ಶುದ್ಧಗೊಳಿಸಿ ಹಾಕುವ ತನಕ ಆ ಮಾದರಿಯ ಫಲಿತಾಂಶಕ್ಕೆ ಸಹಿ ಮಾಡಬೇಡಿ.